ಮುಳ್ಳು ಬೇರೆ, ಹಾಲು ಬೇರೆ: ಕಳ್ಳಿ ಕುಂಡ, ಮನೆ ಬೆಕ್ಕು

ಹೋದ ಸಲ ಡ್ರ್ಯಾಗನ್ ಫ್ರೂಟ್ ಸಾಲಿಗೆ ಬೇಸಿಗೆಯಲ್ಲಿ ಎಷ್ಟು ನೀರು ಬಿಡಬೇಕು ಅಂತ ಬರೆದಿದ್ದೆ. ಅದನ್ನ ಓದಿ ಫೋನ್ ಮಾಡಿದ ಮೂರು ಜನ ನೀರಿನ ಮಾತೇ ಎತ್ತಲಿಲ್ಲ. "ಅಣ್ಣಾ, ಡ್ರ್ಯಾಗನ್ ಫ್ರೂಟೂ ಕಳ್ಳಿ ಜಾತಿನೇ ಅಂದಿದ್ದೀರಲ್ಲ, ಮನೇಲಿ ಬೆಕ್ಕಿದೆ, ಏನೂ ಆಗಲ್ವಾ?" ಅಂತ ಒಬ್ಬರು. ಇನ್ನೊಬ್ಬರ ಮನೆಯಲ್ಲಿ ಸೊಸೆ ಜಗಲಿ ಕಟ್ಟೆ ಮೇಲೆ ಎಂಟು ಕಳ್ಳಿ ಕುಂಡ ಸಾಲಾಗಿ ಇಟ್ಟಿದ್ದಾಳಂತೆ, ಅತ್ತೆಗೆ ಅದನ್ನ ಕಂಡರೆ ಆಗಲ್ಲ, ಬೆಕ್ಕು ಸತ್ತರೆ ಪಾಪ ಯಾರಿಗೆ ಅಂತ ದಿನಾ ಜಗಳ. ಮೂರನೆಯವರು ಯಾರು, ಏನು ಕೇಳಿದ್ರು ಅಂತ ಹೇಳಲ್ಲ, ಅವರೇ ಓದ್ತಾರೆ.

ಇದು ಪಟ್ಟಣದವರ ಶೋಕಿ ಪ್ರಶ್ನೆ ಅಂತ ಪಕ್ಕಕ್ಕೆ ತಳ್ಳೋ ಹಾಗಿಲ್ಲ. ಶೇಂಗಾ ಚೀಲ, ರಾಗಿ ಮೂಟೆ ಮನೆಯೊಳಗೆ ಇಟ್ಟುಕೊಂಡಿರೋರಿಗೆ ಬೆಕ್ಕಿನ ಬೆಲೆ ಗೊತ್ತು. ನಮ್ಮನೇಲಿ ಬೆಕ್ಕಿಲ್ಲದ ಒಂದು ವರ್ಷ ಬಿತ್ತನೆಗೆ ಅಂತ ಎತ್ತಿಟ್ಟ ಶೇಂಗಾ ಚೀಲದ ತಳ ಇಲಿ ಕೊರೆದು, ಬಿತ್ತೋ ದಿನ ಚೀಲ ಎತ್ತಿದರೆ ಸಿಪ್ಪೆ ಮಾತ್ರ ಸುರೀತು. ಹಾಗಾಗಿ ಬೆಕ್ಕಿಗೆ ಏನು ತೊಂದರೆ, ಏನು ತೊಂದರೆ ಅಲ್ಲ ಅನ್ನೋದು ನಮ್ಮ ವಿಷಯನೇ. ಈಗ ಕಳ್ಳಿ ಕುಂಡ ನಮ್ಮ ಹಳ್ಳಿಗಳಿಗೂ ಬಂದಿದೆ. ಮದುವೆ, ಗೃಹಪ್ರವೇಶಕ್ಕೆ ತಾಂಬೂಲದ ಜೊತೆ ಚಿಕ್ಕ ಕಳ್ಳಿ ಕುಂಡ ಕೊಡೋದನ್ನೂ ನೋಡಿದೆ. ನೀರು ಕೇಳಲ್ಲ, ಸಾಯಲ್ಲ, ಚೆನ್ನಾಗಿ ಕಾಣುತ್ತೆ. ಬೇಲಿಯಲ್ಲಿ ಇದ್ದದ್ದು ಒಳಮನೆಗೆ ಬಂತು ಅಂತ ನಮ್ಮವ್ವ ಇದ್ದಿದ್ರೆ ನಗಾಡೋರು.

ಉತ್ತರ ಮೊದಲೇ ಹೇಳಿಬಿಡ್ತೀನಿ. ನಿಜವಾದ ಕ್ಯಾಕ್ಟಸ್ ಬೆಕ್ಕಿಗೆ ಸಾಮಾನ್ಯವಾಗಿ ವಿಷ ಅಲ್ಲ. ಕಚ್ಚಿದರೆ ಬಾಯಿಗೆ ಮುಳ್ಳು ಚುಚ್ಚುತ್ತೆ, ಜಾಸ್ತಿ ತಿಂದರೆ ವಾಂತಿ ಮಾಡುತ್ತೆ, ಅಷ್ಟೇ. ಮೆಕ್ಸಿಕೋ ಕಡೆಯ ಪೆಯೋಟಿ ಅನ್ನೋ ಗುಂಡು ಕಳ್ಳಿಯಂಥ ಒಂದೆರಡು ಜಾತಿಯಲ್ಲಿ ಮತ್ತು ಬರಿಸೋ ಅಂಶ ಇರುತ್ತೆ, ಅವು ನಮ್ಮ ಜಗಲಿಗೆ ಬರೋದು ಕಡಿಮೆ. ಆದರೆ ನರ್ಸರಿಯಲ್ಲಿ "ಕ್ಯಾಕ್ಟಸ್" ಅಂತ ಚೀಟಿ ಅಂಟಿಸಿ ಕೊಡೋದೆಲ್ಲ ಕ್ಯಾಕ್ಟಸ್ ಅಲ್ಲ. ಗೋಜಲು ಇರೋದೇ ಇಲ್ಲಿ.

ನಾವು ಕನ್ನಡದಲ್ಲಿ ಕಳ್ಳಿ ಅಂತ ಒಂದೇ ಮಾತಲ್ಲಿ ಕರೆಯೋದು ಎರಡು ಬೇರೆ ಬೇರೆ ಕುಟುಂಬದ ಗಿಡಗಳನ್ನ. ಬೇಲಿಯಲ್ಲಿ ಹಸಿರು ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಇರುತ್ತಲ್ಲ, ಊರಿಗೊಂದು ಹೆಸರು ಅದಕ್ಕೆ, ಮುರಿದರೆ ಬೆಳ್ಳಗೆ ಹಾಲು ಸುರಿಯುತ್ತೆ. ಮೂರು ನಾಲ್ಕು ಏಣು ಇರೋ ಚದುರಗಳ್ಳಿ, ದಪ್ಪ ಎಲೆ ಬಿಡೋ ಎಲೆಗಳ್ಳಿ, ಇವೆಲ್ಲ ಒಂದು ಕಡೆ. ಇವಕ್ಕೆ ಯುಫೋರ್ಬಿಯಾ ಅಂತಾರೆ. ನಮ್ಮ ಹರಳು ಗಿಡ ಇದರ ದೊಡ್ಡ ಕುಟುಂಬದ್ದೇ. ಇನ್ನೊಂದು ಕಡೆ ಪಾಪಾಸುಕಳ್ಳಿ, ಡ್ರ್ಯಾಗನ್ ಫ್ರೂಟ್, ಅಂಗಡಿಯ ಗುಂಡು ಗುಂಡು ಮುಳ್ಳಿನ ಚೆಂಡುಗಳು. ಇವು ಕ್ಯಾಕ್ಟಸ್, ಮೂಲ ಅಮೆರಿಕ ಖಂಡ. ಎರಡೂ ಒಣ ಭೂಮಿಯಲ್ಲಿ ಬದುಕೋಕೆ ಮೈಯಲ್ಲೇ ನೀರು ತುಂಬಿಕೊಂಡವು, ಎಲೆ ಬಿಟ್ಟು ಮುಳ್ಳು ಇಟ್ಟುಕೊಂಡವು. ಅದಕ್ಕೇ ಒಂದೇ ಥರ ಕಾಣ್ತವೆ. ಎಮ್ಮೆನೂ ಆನೆನೂ ಕರಿ ಬಣ್ಣ ಅಂತ ಒಂದೇ ಕೊಟ್ಟಿಗೆಗೆ ಕಟ್ಟೋಕಾಗುತ್ತಾ?

ಪಾಪಾಸುಕಳ್ಳಿದು ಒಂದು ಕಥೆ ಇದೆ, ಹೇಳಿ ಮುಂದಕ್ಕೆ ಹೋಗ್ತೀನಿ. ಪಾಪಾಸು ಅಂದರೆ ಚಪ್ಪಲಿ, ಚಪ್ಪಲಿ ಆಕಾರ ಅಂತ ಆ ಹೆಸರು. ಹಿಂದೆ ಇದು ನಮ್ಮ ಸೀಮೆ ಬೀಳುಗಳಲ್ಲಿ ತುಂಬಿಕೊಂಡಿತ್ತು ಅಂತ ಹಿರಿಯರು ಹೇಳ್ತಿದ್ರು. 1795ರಲ್ಲಿ ಕಲ್ಕತ್ತಕ್ಕೆ ಒಂದು ಹುಳ ತಂದರು. ಕಳ್ಳಿ ಮೇಲೆ ಅದನ್ನ ಸಾಕಿ ಕೆಂಪು ಬಣ್ಣ ತೆಗೆದು ಮಾರೋಣ ಅನ್ನೋದು ಬ್ರಿಟಿಷರ ಆಸೆ. ಬಂದದ್ದು ಬಣ್ಣದ ಹುಳ ಅಲ್ಲ, ಅದರ ದಾಯಾದಿ. ಅದು ಬಣ್ಣ ಕೊಡೋ ಬದಲು ಕಳ್ಳಿಯನ್ನೇ ತಿಂದು ಮುಗಿಸ್ತು. ಇನ್ನೊಂದು ಜಾತಿ ಪಾಪಾಸುಕಳ್ಳಿಗೆ ಇನ್ನೊಂದು ಜಾತಿ ಹುಳನ 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು, ಕೆಲವೇ ವರ್ಷದಲ್ಲಿ ಸಾವಿರಾರು ಎಕರೆ ಬಯಲಾಯ್ತು. ಈಗಲೂ ಅಲ್ಲಲ್ಲಿ ಉಳಿದ ಪಾಪಾಸುಕಳ್ಳಿ ಮೇಲೆ ಬಿಳಿ ಹತ್ತಿ ಅಂಟಿದ ಹಾಗೆ ಕಂಡರೆ ಬೆರಳಲ್ಲಿ ಹಿಸುಕಿ ನೋಡಿ, ರಕ್ತದಂಗೆ ಕೆಂಪಾಗುತ್ತೆ. ಈ ಕಳ್ಳಿ ಹಣ್ಣನ್ನ ನಾವೆಲ್ಲ ಚಿಕ್ಕವರಿದ್ದಾಗ ಕಲ್ಲಿಗೆ ಉಜ್ಜಿ ಮುಳ್ಳು ತೆಗೆದು ತಿಂದು ನಾಲಿಗೆ ಕೆಂಪು ಮಾಡಿಕೊಂಡವರೇ. ಬರಗಾಲದಲ್ಲಿ ಇದರ ಮುಳ್ಳು ಸುಟ್ಟು ದನಕ್ಕೆ ಹಾಕಿದ್ದೂ ಉಂಟು. ಈಗ ಮುಳ್ಳಿಲ್ಲದ ತಳಿಯನ್ನ ಮೇವಿಗೆ ಅಂತಲೇ ಬೆಳೀತಿದ್ದಾರೆ. ದನ ತಿಂದು ಜನ ತಿಂದು ಅರಗಿಸಿಕೊಂಡ ಗಿಡ ಅದು, ವಿಷ ಅನ್ನೋ ಮಾತು ಅದಕ್ಕೆ ಒಪ್ಪಲ್ಲ.

ಹಾಲಿನ ಕಳ್ಳಿ ಹಾಗಲ್ಲ. ಅದರ ಹಾಲನ್ನ ಹಳ್ಳದ ಮಡುಗಳಿಗೆ ಹಾಕಿ ಮೀನು ಮಂಕಾಗಿ ತೇಲಿಬರೋ ಹಾಗೆ ಮಾಡಿ ಹಿಡಿಯೋರು. ಕುರಿ ಮೇಕೆ ಎಲ್ಲ ಗಿಡಕ್ಕೂ ಬಾಯಿ ಹಾಕ್ತಾವೆ, ಈ ಬೇಲಿಗೆ ಮಾತ್ರ ಬಾಯಿ ಹಾಕಲ್ಲ, ಅದಕ್ಕೇ ಅದನ್ನ ಬೇಲಿಗೆ ನೆಟ್ಟಿದ್ದು. ಆ ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ಬೊಬ್ಬೆ ಬರುತ್ತೆ, ಬಾಯಿಗೆ ಹೋದರೆ ಉರಿ, ಜೊಲ್ಲು, ವಾಂತಿ. ಕಣ್ಣಿಗೆ ಹೋದರೆ ಬೇರೆ ಕಥೆ, ಅದನ್ನ ಕೆಳಗೆ ಹೇಳ್ತೀನಿ.

ಈಗ ನಿಮ್ಮ ಕುಂಡದಲ್ಲಿ ಇರೋದು ಯಾವುದು ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು? ಗಿಡದ ಮರೆ ಭಾಗಕ್ಕೆ ಒಂದು ಸೂಜಿಯಿಂದ ಚುಚ್ಚಿ, ಮುಖ ಹಿಂದಕ್ಕೆ ಇಟ್ಟುಕೊಂಡು. ಬಿಳಿ ಹಾಲು ಉಕ್ಕಿದರೆ ಯುಫೋರ್ಬಿಯಾ ಅಂತ ತಿಳ್ಕೊಳ್ಳಿ. ನೀರು ನೀರಾಗಿ ಅಥವಾ ಲೋಳೆಯಾಗಿ ಬಂದರೆ ಕ್ಯಾಕ್ಟಸ್. ಕೆಲವು ಗುಂಡು ಕ್ಯಾಕ್ಟಸ್‌ಗಳಲ್ಲೂ ಹಾಲು ಬರುತ್ತೆ, ಅದು ಅಷ್ಟು ಕೆಟ್ಟದ್ದಲ್ಲ, ಆದರೂ ಹಾಲು ಕಂಡ ಮೇಲೆ ದೂರ ಇಡೋದರಲ್ಲಿ ಏನೂ ನಷ್ಟ ಇಲ್ಲ. ಸೂಜಿ ಬೇಡ ಅಂದರೆ ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳಿನ ಗೊಂಚಲು ಹತ್ತಿ ಬಟನ್ ಹಾಗಿರೋ ಒಂದು ಚುಕ್ಕೆಯಿಂದ ಹುಟ್ಟಿರುತ್ತೆ. ಯುಫೋರ್ಬಿಯಾದಲ್ಲಿ ಆ ಹತ್ತಿ ಚುಕ್ಕೆ ಇರಲ್ಲ, ಹೆಚ್ಚಾಗಿ ಎರಡೆರಡು ಮುಳ್ಳು ಎಮ್ಮೆ ಕೊಂಬಿನ ಹಾಗೆ ಜೋಡಿಯಾಗಿರ್ತವೆ.

ಆ ಸೊಸೆಯ ಎಂಟು ಕುಂಡದ ಫೋಟೋ ತರಿಸಿಕೊಂಡು ನೋಡಿದೆ. ಐದು ನಿಜವಾದ ಕ್ಯಾಕ್ಟಸ್. ಅದರಲ್ಲಿ ಒಂದು ಹಸಿರು ಕಾಂಡದ ಮೇಲೆ ಕೆಂಪು ಚೆಂಡು ಕೂತಿರೋದು, ಮೂನ್ ಕ್ಯಾಕ್ಟಸ್ ಅಂತ ಮಾರ್ತಾರೆ. ಡ್ರ್ಯಾಗನ್ ಫ್ರೂಟ್ ಬೆಳೆದಿರೋರು ಆ ಕೆಳಗಿನ ಮೂರು ಏಣಿನ ಕಾಂಡನ ಒಂದ್ಸಲ ಸರಿಯಾಗಿ ನೋಡಿ. ನಮ್ಮ ತೋಟದ್ದೇ! ಮೇಲಿನ ಕೆಂಪು ಚೆಂಡಿಗೆ ಹಸಿರು ಇಲ್ಲ, ತಾನೇ ಊಟ ಮಾಡ್ಕೊಳ್ಳೋಕೆ ಬರಲ್ಲ, ಅದಕ್ಕೆ ಡ್ರ್ಯಾಗನ್ ಫ್ರೂಟ್ ಕಾಂಡದ ಮೇಲೆ ಕಸಿ ಮಾಡಿರ್ತಾರೆ. ಬೆಕ್ಕಿಗೆ ಎರಡೂ ವಿಷ ಅಲ್ಲ. ಉಳಿದ ಮೂರರಲ್ಲಿ ಒಂದು, ಹವಳದ ಹಾಗೆ ಬೀಸಣಿಗೆ ಬಿಡಿಸಿಕೊಂಡ ಕೋರಲ್ ಕ್ಯಾಕ್ಟಸ್. ಹೆಸರಲ್ಲಿ ಮಾತ್ರ ಕ್ಯಾಕ್ಟಸ್. ಮೇಲಿನದೂ ಯುಫೋರ್ಬಿಯಾ, ಕೆಳಗಿನ ಕಸಿ ಕಾಂಡ ನಮ್ಮ ಎಲೆಗಳ್ಳಿ, ಎರಡರಲ್ಲೂ ಹಾಲು. ಇನ್ನೊಂದು ಕೆಂಪು ಹೂವಿನ, ಮೈತುಂಬ ಮುಳ್ಳಿನ ಕ್ರೌನ್ ಆಫ್ ಥಾರ್ನ್ಸ್, ಅದೂ ಹಾಲಿನದೇ. ಎಂಟನೆಯದು ಕಳ್ಳಿನೇ ಅಲ್ಲ, ಬುಡ ದಪ್ಪಗೆ ಆನೆ ಕಾಲಿನ ಹಾಗಿರೋ ಅಡೀನಿಯಂ. ಅದು ನಮ್ಮ ಕಣಗಿಲೆ ಕುಟುಂಬ, ಹೃದಯಕ್ಕೆ ಹೊಡೆಯೋ ವಿಷ. ಅತ್ತೆ ಮೂರು ಕುಂಡಕ್ಕೆ ಸರಿ, ಸೊಸೆ ಐದಕ್ಕೆ ಸರಿ ಅಂತ ತೀರ್ಪು ಕೊಟ್ಟೆ. ಇಬ್ಬರಿಗೂ ಸಮಾಧಾನ ಆದ ಹಾಗಿಲ್ಲ.

ಇನ್ನು ಕಣ್ಣಿನ ವಿಷಯ. ನಮ್ಮ ಬೆಕ್ಕು ಕೆಂಚಿ, ಹೊಂಬಣ್ಣದ ಹೆಣ್ಣು, ಆರು ವರ್ಷದ್ದು. ಹೋದ ಆಷಾಢದಲ್ಲಿ ಬಂಡಿದಾರಿ ಕಡೆಯ ಬೇಲಿ ದಾರಿಗೆ ಚಾಚಿಕೊಂಡಿದೆ ಅಂತ ಪಕ್ಕದ ಹೊಲದವರು ಆಳು ಬಿಟ್ಟು ಸವರಿಸಿ, ಕೊಂಬೆ ಎಲ್ಲ ನಮ್ಮ ಬದುವಿನ ಮೂಲೆಗೆ ಒಟ್ಟಿಸಿದ್ರು. ಹಸಿ ಕಳ್ಳಿ ರಾಶಿ, ತುಂಡು ತುಂಡಿನಿಂದಲೂ ಹಾಲು ತೊಟ್ಟಿಕ್ತಿತ್ತು. ಓತಿಕ್ಯಾತ ಒಂದು ಅದರೊಳಗೆ ನುಗ್ಗಿತು, ಹಿಂದೆ ಇದೂ ನುಗ್ಗಿದೆ. ಅರ್ಧ ಗಂಟೆ ಬಿಟ್ಟು ಹಿತ್ತಲಿಗೆ ಬಂದಾಗ ಮುಂಗಾಲಲ್ಲಿ ಬಲಗಣ್ಣು ತಿಕ್ಕಿಕೊಳ್ತಾ, ತಲೆನ ನೆಲಕ್ಕೆ ಉಜ್ಜುತಾ ಬಂತು. ಹಣೆ ಕೂದಲು ಗೋಂದು ಹಚ್ಚಿದ ಹಾಗೆ ಅಂಟಿತ್ತು. ಅದನ್ನ ನೋಡಿದ ಕೂಡಲೇ ಏನಾಗಿದೆ ಅಂತ ಗೊತ್ತಾಯ್ತು, ಯಾಕೆಂದ್ರೆ ನನ್ನ ಬಾಮೈದನಿಗೆ ಚಿಕ್ಕಂದಿನಲ್ಲಿ ಇದೇ ಹಾಲು ಕಣ್ಣಿಗೆ ಸಿಡಿದು, ಎರಡು ದಿನ ಅವನಿಗೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಿರಲಿಲ್ಲ.

ಬೆಕ್ಕನ್ನ ಹಾಗೇ ಹಿಡಿದು ಕಣ್ಣು ತೊಳೀತೀನಿ ಅಂದರೆ ನಮ್ಮ ಕಣ್ಣು ಹೋಗುತ್ತೆ. ದಪ್ಪ ಟವೆಲ್‌ನಲ್ಲಿ ಕಾಲು ನಾಲ್ಕೂ ಒಳಗೆ ಸೇರಿಸಿ ಕೂಸು ಸುತ್ತಿದ ಹಾಗೆ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು ನಮ್ಮನೆಯವಳು ತೊಡೆ ಮೇಲೆ ಅದುಮಿ ಹಿಡಿದಳು. ಕಾಯಿಸಿ ಆರಿಸಿದ ಕುಡಿಯೋ ನೀರು, ಸೂಜಿ ತೆಗೆದ ಸಿರಿಂಜು. ಮೂಗಿನ ಕಡೆಯಿಂದ ಹೊರಗಡೆಗೆ ನೀರು ಹರಿಯೋ ಹಾಗೆ, ಸಣ್ಣಗೆ, ಬಿಡದೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟೆ. ಅದು ಕೂಗಿದ ಕೂಗಿಗೆ ಬೀದಿಯವರೆಲ್ಲ ಬಂದು ನಿಂತರು. ಬಂದವರು ಸುಮ್ಮನೆ ನಿಲ್ತಾರಾ? ಒಬ್ಬರು ಹರಳೆಣ್ಣೆ ಬಿಡಿ ಅಂದ್ರು. ಒಬ್ಬರು ಬಾಣಂತಿ ಎದೆಹಾಲು ತರ್ತೀನಿ ಅಂತ ಹೊರಟೇಬಿಟ್ರು. ಇನ್ನೊಬ್ಬರು ಅವರ ಮನೆಯವರಿಗೆ ಕಣ್ಣು ಆಪರೇಷನ್ ಆದಾಗ ಉಳಿದಿದ್ದ ಹನಿ ಔಷಧಿ ತಂದುಕೊಟ್ಟರು. ಯಾವುದನ್ನೂ ಹಾಕಲಿಲ್ಲ. ಕಣ್ಣಿನ ಸುತ್ತ ಕೂದಲಿಗೆ ಅಂಟಿದ್ದ ಹಾಲನ್ನ ಮಾತ್ರ ಸ್ವಲ್ಪ ಸೋಪಿನ ಬಟ್ಟೆಯಲ್ಲಿ, ಕಣ್ಣಿಗೆ ತಾಗದ ಹಾಗೆ ಒರೆಸಿದೆ, ಇಲ್ಲದಿದ್ರೆ ಕಾಲಲ್ಲಿ ಉಜ್ಜಿ ಮತ್ತೆ ಕಣ್ಣಿಗೇ ತಗೊಂಡು ಹೋಗುತ್ತೆ. ಮುಂಗಾಲೂ ತೊಳೆದೆವು, ನೆಕ್ಕುತ್ತಲ್ಲ.

ಈ ಹಾಲಿನ ಮೋಸ ಏನಂದ್ರೆ, ಮೊದಲ ಗಂಟೆಯಲ್ಲಿ ಪರವಾಗಿಲ್ಲ ಅನ್ನಿಸುತ್ತೆ. ನೋವು, ಊತ ಏರೋದು ಆಮೇಲೆ, ಕೆಲವು ಗಂಟೆ ಬಿಟ್ಟು. ತೊಳೆದಾದ ಮೇಲೆ ಕೆಂಚಿ ಕಣ್ಣು ಅರೆಬರೆ ಬಿಟ್ಟಿತ್ತು, ಸರಿಹೋಯ್ತು ಅಂದ್ರು ಎಲ್ಲ. ದೀಪ ಹಚ್ಚೋ ಹೊತ್ತಿಗೆ ರೆಪ್ಪೆ ಊದಿ ಮುಚ್ಚೇ ಹೋಯ್ತು, ಗುಡ್ಡೆ ಮೇಲೆ ಮಂಜು ಕಟ್ಟಿದ ಹಾಗೆ. ಬೆಳಿಗ್ಗೆ ಗೋಣಿಚೀಲದಲ್ಲಿ ಬಾಯಿ ಸಡಿಲ ಕಟ್ಟಿ, ಬೈಕ್ ಮುಂದೆ ಇಟ್ಟುಕೊಂಡು ತಾಲ್ಲೂಕು ಪಶು ಆಸ್ಪತ್ರೆಗೆ ಹೋದೆ. ಹಸು ಹಿಡ್ಕೊಂಡು ನಿಂತಿದ್ದೋರು ಬೆಕ್ಕಿಗೂ ಚೀಟಿನಾ ಅಂತ ನಕ್ಕರು. ಡಾಕ್ಟರ್ ನಗಲಿಲ್ಲ. ಕಣ್ಣಿಗೆ ಹಳದಿ ಹಸಿರು ಬಣ್ಣದ ಹನಿ ಹಾಕಿ ಬೆಳಕು ಬಿಟ್ಟು ನೋಡಿದ್ರು. ಗಾಯ ಇದ್ದ ಜಾಗದಲ್ಲಿ ಆ ಬಣ್ಣ ನಿಂತುಕೊಳ್ಳುತ್ತೆ. ಕರಿಗುಡ್ಡೆ ಮೇಲೆ ಇರೋ ಗಾಜಿನಂಥ ಪದರದಲ್ಲಿ ಕಡಲೆಬೇಳೆ ಅಗಲ ಹಸಿರು ನಿಂತಿತ್ತು. ಆಗ ಅವರು ಹೇಳಿದ ಒಂದು ಮಾತು ಇಲ್ಲಿ ಬರೆಯಲೇಬೇಕು. ಮನುಷ್ಯರ ಕಣ್ಣಿಗೆ ಕೊಟ್ಟು ಉಳಿದ ಹನಿ ಔಷಧಿಗಳಲ್ಲಿ ಸ್ಟೀರಾಯ್ಡ್ ಇರೋದು ಜಾಸ್ತಿ, ಆಪರೇಷನ್ ಆದೋರಿಗೆ ಅದನ್ನೇ ಕೊಡ್ತಾರೆ. ಕಣ್ಣಲ್ಲಿ ಹುಣ್ಣಿರುವಾಗ ಅದನ್ನ ಹಾಕಿದರೆ ಹುಣ್ಣು ಆಳಕ್ಕೆ ಇಳಿದು ಕಣ್ಣೇ ತೂತಾಗಬಹುದು. ಇದು ದನ, ನಾಯಿ, ಮನುಷ್ಯ ಎಲ್ಲರಿಗೂ ಅನ್ವಯ. ಆ ಬಾಟಲಿ ತಂದುಕೊಟ್ಟವರ ಮನಸ್ಸು ಒಳ್ಳೆಯದೇ, ಔಷಧಿ ಆ ಕಣ್ಣಿಗೆ ಅಲ್ಲ ಅಷ್ಟೇ.

ಮುಲಾಮು ದಿನಕ್ಕೆ ನಾಲ್ಕು ಸಲ. ಬೆಕ್ಕು ಕೆರೆದುಕೊಳ್ಳದ ಹಾಗೆ ರಟ್ಟಿನ ಡಬ್ಬಿ ಕತ್ತರಿಸಿ ಕುತ್ತಿಗೆಗೆ ಕೊರಳುಪಟ್ಟಿ ಮಾಡಿ ಕಟ್ಟಿದ್ವಿ. ಕಹಳೆ ಕಟ್ಟಿಕೊಂಡ ಹಾಗೆ ಮನೆ ತುಂಬ ಗೋಡೆಗೆ ಡಿಕ್ಕಿ ಹೊಡೀತಾ ಓಡಾಡ್ತು. ಹನ್ನೆರಡನೇ ದಿನ ಕಣ್ಣು ಪೂರ್ತಿ ಬಿಟ್ಟಿತು. ಈಗಲೂ ಬಿಸಿಲಿಗೆ ತಿರುಗಿಸಿ ನೋಡಿದರೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಕಾಣುತ್ತೆ. ಇಲಿ ಹಿಡಿಯೋದಕ್ಕೆ ಅಡ್ಡಿ ಇಲ್ಲ, ಆದರೆ ಬಲಗಡೆಯಿಂದ ಹೋದರೆ ಒಂದು ಕ್ಷಣ ತಡವಾಗಿ ತಿರುಗುತ್ತೆ. ಸೀಮೆಸುಣ್ಣದ ಬಣ್ಣದ ಒಂದು ಹನಿ ಇಷ್ಟೆಲ್ಲ ಮಾಡುತ್ತೆ.

ಹಾಲಿಲ್ಲದ ಕಳ್ಳಿಯಾದರೆ ನಿಶ್ಚಿಂತೆನಾ? ಮುಕ್ಕಾಲು ಪಾಲು ಹೌದು. ದೊಡ್ಡ ಮುಳ್ಳಿಗೆ ಬೆಕ್ಕು ಹೆದರುತ್ತೆ, ಮೀಸೆ ತಾಗಿದ ಕೂಡಲೇ ಹಿಂದೆ ಸರಿಯುತ್ತೆ. ನೋಡೋಕೆ ಭಯಂಕರವಾಗಿರೋ ಕಳ್ಳಿಯಿಂದ ಬೆಕ್ಕಿಗೆ ಪೆಟ್ಟು ಕಡಿಮೆ. ಪೆಟ್ಟು ಕೊಡೋದು ಮೆತ್ತಗೆ ಕಾಣೋದು. ಮೊಲದ ಕಿವಿ ಹಾಗೆ ಎರಡು ಹಸಿರು ಎಲೆ, ಮೇಲೆಲ್ಲ ಹಳದಿ ಮಖಮಲ್ಲಿನ ಚುಕ್ಕೆ, ಒಂದೂ ಉದ್ದ ಮುಳ್ಳಿಲ್ಲ. ಬನ್ನಿ ಇಯರ್ ಅಂತ ಮಾರ್ತಾರೆ. ಅದು ಪಾಪಾಸುಕಳ್ಳಿಯ ಜಾತಿನೇ. ಆ ಮಖಮಲ್ಲಿನ ಒಂದೊಂದು ಚುಕ್ಕೆಯಲ್ಲೂ ನೂರಾರು ಸಣ್ಣ ಸುಂಕು, ಕೂದಲಿಗಿಂತ ತೆಳ್ಳಗೆ, ತುದಿಯಲ್ಲಿ ಹಿಂದಕ್ಕೆ ಕೊಕ್ಕೆ. ತಾಗಿದರೆ ಸಾಕು, ಕಿತ್ತುಕೊಂಡು ಬಂದು ಚರ್ಮದಲ್ಲಿ ಕೂರುತ್ತೆ. ಪಾಪಾಸುಕಳ್ಳಿ ಹಣ್ಣು ಕಿತ್ತವರಿಗೆ ಈ ಸುಂಕಿನ ಸುಖ ಗೊತ್ತು, ಎರಡು ದಿನ ತುಟಿ ಮುಟ್ಟೋಕಾಗಲ್ಲ.

ಬೆಂಗಳೂರಿನಲ್ಲಿ ನಮ್ಮ ಮಗಳ ಬಾಡಿಗೆ ಮನೆಯಲ್ಲಿ ಆಗಿದ್ದು ಇದೇ. ಬೀದಿಯಿಂದ ಎತ್ತಿಕೊಂಡು ಬಂದ ಮರಿ, ಕಿಟಕಿ ಮೇಲಿದ್ದ ಆ ಮೊಲದ ಕಿವಿ ಕುಂಡನ ಬೀಳಿಸಿ ಅದರ ಮೇಲೇ ಉರುಳಾಡಿದೆ. "ಅಪ್ಪಾ, ಕಳ್ಳಿ ವಿಷ ಏರಿದೆ ಅನ್ಸುತ್ತೆ, ಜೊಲ್ಲು ಸುರಿಸ್ತಿದೆ, ಏನೂ ತಿಂತಿಲ್ಲ" ಅಂತ ರಾತ್ರಿ ಹತ್ತು ಗಂಟೆಗೆ ಅಳ್ತಾ ಫೋನ್ ಮಾಡಿದಳು. ವಿಷ ಅಲ್ಲ ಕಣಮ್ಮ, ಬಾಯಲ್ಲಿ ಸುಂಕು ಇದೆ ಅಂದೆ. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಾ? ಮರಳು ಕಾಗದದ ಹಾಗೆ, ಅದರ ಕೊಂಕುಗಳೆಲ್ಲ ಗಂಟಲ ಕಡೆ ಬಾಗಿರ್ತವೆ. ಮೈಗೆ ಏನೇ ಅಂಟಿದರೂ ನೆಕ್ಕಿ ತೆಗೆಯೋದು ಅದರ ಬುದ್ಧಿ. ನೆಕ್ಕಿದ ಸುಂಕನ್ನ ಉಗುಳೋಕೆ ಅದಕ್ಕೆ ಬರಲ್ಲ, ನಾಲಿಗೆ, ವಸಡು, ಗಂಟಲಲ್ಲಿ ಕೂರುತ್ತೆ. ಹಾಗಾಗಿ ಮೊದಲ ಕೆಲಸ ನೆಕ್ಕದ ಹಾಗೆ ಬಟ್ಟೆ ಸುತ್ತೋದು, ಆಮೇಲೆ ಅಂಟು ಟೇಪನ್ನ ಕೂದಲ ಮೇಲೆ ಮೆತ್ತಗೆ ಒತ್ತಿ ಎತ್ತೋದು, ದೊಡ್ಡದಿದ್ದರೆ ಚಿಮುಟ. ಬಾಯೊಳಗಿಂದು ಮಾತ್ರ ನಾವು ಕೈಹಾಕೋ ಕೆಲಸ ಅಲ್ಲ, ಮಾರನೇ ದಿನ ಅಲ್ಲಿನ ಡಾಕ್ಟರ್ ಮತ್ತು ಬರಿಸಿ ತೆಗೆದ್ರು. ಮೂರು ದಿನ ಗಂಜಿಯಂಥದ್ದೇ ತಿಂದು ಚೇತರಿಸಿಕೊಂಡಿತು.

ಕುಂಡದ ಮಣ್ಣಿನ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಕಳ್ಳಿಗೆ ನೀರು ನಿಲ್ಲಬಾರದು ಅಂತ ಅರ್ಧಕ್ಕರ್ಧ ಮರಳು ಹಾಕಿರ್ತೀವಿ. ಬೆಕ್ಕಿಗೆ ಅದನ್ನ ಕಂಡರೆ ಪಾಯಿಖಾನೆ ಕಟ್ಟಿಸಿಕೊಟ್ಟ ಹಾಗೆ. ಕೆದಕುತ್ತೆ, ಕಾಲು ನೆಕ್ಕುತ್ತೆ. ಆ ಮಣ್ಣಿಗೆ ಬೇರುಹುಳ, ಗೊದ್ದ ಅಂತ ಹೊಲದಲ್ಲಿ ಉಳಿದ ಹರಳು ಔಷಧಿ ಒಂದು ಚಿಟಿಕೆ ಹಾಕಿದ್ದರೆ? ಕಳ್ಳಿ ಮೇಲೆ ಬಿಳಿ ಹಿಟ್ಟುತಿಗಣೆ ಬಂತು ಅಂತ ಪೈರಿಗೆ ಹೊಡೆಯೋ ಔಷಧಿನೇ ಸಿಂಪಡಿಸಿದ್ದರೆ? ಅಲ್ಲಿ ಸಾಯಿಸೋದು ಕಳ್ಳಿ ಅಲ್ಲ, ಔಷಧಿ. ಪರ್ಮೆಥ್ರಿನ್ ಜಾತಿಯ ಔಷಧಿಗಳನ್ನ ನಾಯಿ, ದನದ ಮೈ ತಡೆದುಕೊಂಡ ಹಾಗೆ ಬೆಕ್ಕಿನ ಮೈ ತಡೆಯಲ್ಲ, ನಡುಕ ಹತ್ತಿ ಸಾಯುತ್ತೆ. ದನದ ಉಣ್ಣೆಗೆ ತಂದದ್ದನ್ನ ಬೆಕ್ಕಿನ ಚಿಗಟಕ್ಕೆ ಹಚ್ಚೋರು ಇದ್ದಾರೆ, ಅದಕ್ಕೆ ಹೇಳಿದೆ. ಕುಂಡದ ಹಿಟ್ಟುತಿಗಣೆಗೆ ಹಳೇ ಹಲ್ಲುಜ್ಜೋ ಬ್ರಷ್ಷು, ಸೋಪಿನ ನೀರು ಸಾಕು. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಜಲ್ಲಿ ಹರಡಿಬಿಡಿ, ಬೆಕ್ಕು ಕೆದಕೋದು ನಿಲ್ಲುತ್ತೆ.

ಕಳ್ಳಿ ಪಕ್ಕದಲ್ಲಿ ಏನಿದೆ ಅಂತಲೂ ನೋಡಿ. ಲೋಳೆಸರ ತಿಂದರೆ ಬೆಕ್ಕಿಗೆ ಭೇದಿ. ಮನಿ ಪ್ಲಾಂಟ್ ಕಚ್ಚಿದರೆ ಬಾಯಿ ಉರಿ. ಸಣ್ಣ ಹೂವಿನ ಗೊಂಚಲು ಬಿಡೋ ಕಲಾಂಚೊ ಹೃದಯಕ್ಕೆ ಕೆಟ್ಟದ್ದು. ಸೈಕಸ್ ಬೀಜ ಯಕೃತ್ತು ಹಾಳು ಮಾಡುತ್ತೆ. ಬೇಲಿಯಲ್ಲಿ ಮಳೆಗಾಲಕ್ಕೆ ಹಬ್ಬೋ ಅಗ್ನಿಶಿಖೆ ಬೆಕ್ಕಿಗೂ ಮನುಷ್ಯರಿಗೂ ಒಂದೇ, ಗೆಡ್ಡೆ ತಿಂದರೆ ಉಳಿಯೋದು ಕಷ್ಟ. ಇವೆಲ್ಲಕ್ಕಿಂತ ಬೆಕ್ಕಿಗೆ ಯಮ ಅಂದರೆ ಹೂಗುಚ್ಛದಲ್ಲಿ ಬರೋ ದೊಡ್ಡ ಲಿಲ್ಲಿ ಹೂವು. ಎಲೆ ಬೇಡ, ಅದರ ಪರಾಗದ ಪುಡಿ ಮೈಮೇಲೆ ಬಿದ್ದು ನೆಕ್ಕಿದರೂ ಸಾಕು, ಹೂದಾನಿಯ ನೀರು ಕುಡಿದರೂ ಸಾಕು, ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡುತ್ತೆ. ನಾಯಿಗೆ ಹಾಗಾಗಲ್ಲ, ಬೆಕ್ಕಿಗೇ. ಒಂದೂ ಮುಳ್ಳಿಲ್ಲ ನೋಡಿ ಆ ಹೂವಿಗೆ.

ಬೆಕ್ಕು ಮಾಂಸ ತಿನ್ನೋ ಪ್ರಾಣಿ, ಗಿಡಕ್ಕೆ ಯಾಕೆ ಬಾಯಿ ಹಾಕುತ್ತೆ ಅಂತೀರಾ? ಹಳ್ಳಿ ಬೆಕ್ಕು ಹಿತ್ತಲಲ್ಲಿ ಗರಿಕೆ ಕಚ್ಚಿ ಆಮೇಲೆ ಕೂದಲುಂಡೆ ಕಕ್ಕೋದನ್ನ ಎಲ್ಲರೂ ನೋಡಿದ್ದೀವಿ. ಬಾಗಿಲು ಹಾಕಿದ ಮನೆಯ ಬೆಕ್ಕಿಗೆ ಗರಿಕೆ ಎಲ್ಲಿ, ಕಣ್ಣಿಗೆ ಕಂಡ ಹಸಿರು ಕಚ್ಚುತ್ತೆ. ಅದಕ್ಕೆ ಒಂದು ತಟ್ಟೆಯಲ್ಲಿ ಮುಷ್ಟಿ ಗೋಧಿ ಮೊಳಕೆ ಹಾಕಿಕೊಡಿ, ಎಂಟು ದಿನಕ್ಕೆ ಹುಲ್ಲಾಗುತ್ತೆ, ಕಳ್ಳಿ ಕಡೆ ಹೋಗೋದು ಕಡಿಮೆಯಾಗುತ್ತೆ. ಗೋಧಿ ಇಲ್ಲ ಅಂತ ಜೋಳ ಹಾಕಬೇಡಿ. ಎಳೆ ಜೋಳ ಮೇಯ್ದ ದನ ಏನಾಗುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಬೆಕ್ಕು ಜೊಲ್ಲು ಸುರಿಸಿ ಮಲಗಿದ ತಕ್ಷಣ ಕಳ್ಳಿ ಮೇಲೆ ಗೂಬೆ ಕೂರಿಸೋ ಮೊದಲು ಇಲಿ ಪಾಷಾಣ ಯಾರಾದರೂ ಇಟ್ಟಿದ್ದಾರಾ ವಿಚಾರಿಸಿ. ಅಕ್ಕಪಕ್ಕದಲ್ಲಿ ಇಟ್ಟಿದ್ದರೂ ಅದನ್ನ ತಿಂದ ಇಲಿ ನಿಮ್ಮ ಬೆಕ್ಕಿನ ಹೊಟ್ಟೆಗೇ ಬರೋದು. ಬಿಸ್ಕತ್ತಿನ ಹಾಗಿರೋ ಬ್ರೊಮಾಡಿಯೊಲೋನ್ ಆದರೆ ರಕ್ತ ಹೆಪ್ಪುಗಟ್ಟಲ್ಲ, ವಸಡು ಬೆಳ್ಳಗಾಗುತ್ತೆ, ಅದಕ್ಕೆ ವಿಟಮಿನ್ ಕೆ ಚಿಕಿತ್ಸೆ ಇದೆ, ಬೇಗ ಹೋದರೆ ಉಳಿಯುತ್ತೆ. ಕಪ್ಪು ಪುಡಿ ಜಿಂಕ್ ಫಾಸ್ಫೈಡ್ ಆದರೆ ಸಮಯ ತುಂಬ ಕಡಿಮೆ. ಮತ್ತೆ, ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಮಾತ್ರೆ ಪುಡಿ ಮಾಡಿ ಹಾಲಲ್ಲಿ ಕೊಡಬೇಡಿ. ನಮಗೆ ಜ್ವರ ಇಳಿಸೋ ಒಂದು 500 ಮಿಲಿಗ್ರಾಂ ಮಾತ್ರೆ ಒಂದು ಬೆಕ್ಕನ್ನ ಕೊಲ್ಲೋಕೆ ಸಾಕು, ಅದನ್ನ ಅರಗಿಸೋ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲ.

ಮೊದಲು ಫೋನ್ ಮಾಡಿದವರ ಡ್ರ್ಯಾಗನ್ ಫ್ರೂಟ್ ಪ್ರಶ್ನೆಗೆ ಉತ್ತರ ಬಾಕಿ ಇದೆ. ಭಯ ಬೇಡ. ಹಾಲಿಲ್ಲ, ಸುಂಕಿಲ್ಲ, ಮುಳ್ಳು ಗಿಡ್ಡ. ನಮ್ಮ ಸಾಲಿನ ಕಲ್ಲುಕಂಬದ ಬುಡದಲ್ಲಿ ಕೆಂಚಿ ಮಧ್ಯಾಹ್ನ ಮಲಗೋದೇ ಅಲ್ಲಿ, ತಣ್ಣಗಿರುತ್ತೆ. ಹೂವು ಅರಳೋದು ರಾತ್ರಿ, ಪತಂಗ ಮುತ್ತಿಕೊಳ್ತವೆ, ಅದನ್ನ ಹಾರಿ ಹಿಡಿಯೋಕೆ ಟಾರ್ಚ್ ಬೆಳಕಲ್ಲಿ ಕುಣಿಯೋದನ್ನ ನೋಡಬೇಕು ನೀವು. ಹಣ್ಣು ಬಂದ ಮೇಲೆ ಇಲಿ ಕಾಟಕ್ಕೂ ಅದೇ ಕಾವಲು.

ಬರೋ ವಾರ ನಮ್ಮ ಕಡೆ ಮತ್ತೆ ಬೇಲಿ ಸವರೋ ಕೆಲಸ ಇದೆ. ಪಕ್ಕದ ಹೊಲದವರ ಜೊತೆ ಈ ಸಲ ಮಾತಾಡಿದ್ದೀನಿ, ಕೊಂಬೆಗಳನ್ನ ಮನೆ ಕಡೆ ಒಟ್ಟೋದಿಲ್ಲ, ಹಳೇ ಕಲ್ಲುಕ್ವಾರಿ ಗುಂಡಿಗೆ ಸಾಗಿಸ್ತಾರೆ. ಸವರೋರಿಗೆ ಎರಡು ಕನ್ನಡಕ ತಂದಿದ್ದೀನಿ, ವೆಲ್ಡಿಂಗ್ ಅಂಗಡಿಯಲ್ಲಿ ಸಿಗೋ ಬಿಳಿ ಗಾಜಿನದು. ಆ ಎರಡು ದಿನ ಕೆಂಚಿನ ಉಗ್ರಾಣದೊಳಗೆ ಕೂಡಿ ಹಾಕ್ತೀವಿ, ಶೇಂಗಾ ಚೀಲದ ಜೊತೆ.